ನೋಡದೆ ದಾಟಿದ್ದು

ಬೆಳಗಿನ ಪಾಠ ಮುಗಿಸಿ ಪಾಠಶಾಲೆಯ ಮೆಟ್ಟಿಲಿಳಿಯುವಾಗ ಅನ್ಶೆಲ್ ಎಂದಿನಂತೆ ಕನ್ನಡಕ ತೆಗೆದು ಕೋಟಿನ ಒಳಜೇಬಿಗೆ ಹಾಕಿಕೊಂಡ. ಬೀದಿ ಕರಗಿತು. ಜೆರುಸಲೇಮಿನ ಯೆಹೂದಿ ಕೇರಿಯ ಆ ಕಲ್ಲುಗಲ್ಲಿ, ಗೋಡೆಗೆ ಒಂದರ ಮೇಲೊಂದು ಮೆತ್ತಿದ ಪ್ರಕಟಣೆಗಳು, ಬೇಕರಿಯ ಮುಂದೆ ನಿಂತವರು, ಎಲ್ಲವೂ ನೀರು ಬಿದ್ದ ಶಾಯಿಯ ಹಾಗೆ ಅಂಚು ಕಳೆದುಕೊಂಡವು. ಕಪ್ಪಗೆ ಉದ್ದಕ್ಕೆ ಬರುವುದು ಗಂಡಸು. ಅಗಲವಾಗಿ, ಮಕ್ಕಳ ತಳ್ಳುಗಾಡಿಯೊಂದಿಗೆ ಬರುವುದು ಹೆಂಗಸು. ಪಕ್ಕಕ್ಕೆ ಸರಿಯಲು ಅಷ್ಟು ಗೊತ್ತಾದರೆ ಸಾಕು. ಹೋದ ವಾರ ಮೀನಂಗಡಿಯ ಹೊರಗೆ ಪೇರಿಸಿದ್ದ ಡಬ್ಬಗಳಿಗೆ ಢಿಕ್ಕಿ ಹೊಡೆದು 'ಕ್ಷಮಿಸಿ' ಎಂದಿದ್ದ. 'ಪರವಾಗಿಲ್ಲ ರೆಬ್ ಅನ್ಶೆಲ್, ಡಬ್ಬಗಳು ಬೇಜಾರು ಮಾಡ್ಕೊಳ್ಳಲ್ಲ' ಎಂದು ಅಂಗಡಿಯವನು ಹೇಳಿದಾಗ ಸುತ್ತ ನಿಂತವರು ನಕ್ಕಿದ್ದರು. ಅವನ ಕಿವಿ ಬಿಸಿಯಾಗಿತ್ತು. ಆದರೆ ಆ ಬಿಸಿಯ ಅಡಿಯಲ್ಲಿ ಒಂದು ತಂಪೂ ಇತ್ತು. ನಗಲಿ. ಇವರದು ಕಂಡದ್ದನ್ನೆಲ್ಲ ಮೇಯುವ ಕಣ್ಣು. ನನ್ನದು ಕಟ್ಟಿಹಾಕಿದ ಕಣ್ಣು.

ಇವತ್ತು ಮಾತ್ರ ಆ ತಂಪು ಕೈಗೆ ಸಿಗುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ, ಮನಸ್ಸೂ ಕಣ್ಣೂ ಎಳೆದತ್ತ ಅಲೆಯಬಾರದೆಂಬ ಆಜ್ಞೆ ಬರುವ ಕಡೆ, ವಸ್ತ್ರದ ಅಂಚಿನ ದಾರದ ಕುಚ್ಚುಗಳನ್ನು ಕಣ್ಣಿಗೊತ್ತಿಕೊಂಡು ಮುತ್ತಿಡುವಾಗಲೇ ಅವಳು ನೆನಪಿಗೆ ಬಂದಿದ್ದಳು. ಬರುವುದು ಅಲ್ಲೇ. ಎಷ್ಟೋ ವರ್ಷಗಳಿಂದ, ಬರಬಾರದ ಜಾಗ ಯಾವುದೋ ಸರಿಯಾಗಿ ಅಲ್ಲಿಗೇ ಬರುತ್ತಾಳೆ. ಎದುರು ಮನೆಯ ಮಹಡಿಯಲ್ಲಿ ಹಾಸಿಗೆಯ ಬಟ್ಟೆ ಕೊಡವುತ್ತಿದ್ದ ಹುಡುಗಿ. ಮುಖ ಅವನಿಗೆ ಗೊತ್ತಿಲ್ಲ. ಕೈಯೆತ್ತಿದಾಗ ತೋಳಿನ ಬಟ್ಟೆ ಮೊಣಕೈಯವರೆಗೆ ಜಾರಿತ್ತು, ಅಷ್ಟೇ. ಹದಿಮೂರರ ಅವನ ಕಿವಿ ಹಿಂಡಿ ಮೇಷ್ಟರು ತಲೆಯನ್ನು ಗೋಡೆಯ ಕಡೆ ತಿರುಗಿಸಿದ್ದರು. 'ಬಾಗಿಲಿಗೆ ಬಂದ ಯೋಚನೆಗೆ ನೀನು ಹೊಣೆಯಲ್ಲ ಕಣೋ. ಒಳಗೆ ಕರೆದು ಕುರ್ಚಿ ಹಾಕ್ತೀಯಲ್ಲ, ಅದಕ್ಕೆ ಹೊಣೆ.' ಅಂದಿನಿಂದ ಅವನು ಬಾಗಿಲು ಕಾಯುತ್ತಿದ್ದಾನೆ. ಕಾಯುತ್ತ ಕಾಯುತ್ತ ಆ ಬರಿಯ ಮುಂಗೈ ಮಾಸದೆ, ಮುಪ್ಪಾಗದೆ, ಉಪ್ಪಿನಲ್ಲಿಟ್ಟ ಮೀನಿನ ಹಾಗೆ ಕೆಡದೆ ಉಳಿದುಬಿಟ್ಟಿದೆ. ಅಂದು ಸುಮ್ಮನೆ ನೋಡಿ ಬಿಟ್ಟಿದ್ದರೆ ಸಂಜೆಯ ಹೊತ್ತಿಗೆ ಮರೆತುಹೋಗುತ್ತಿತ್ತೋ ಏನೋ. ಹೀಗನ್ನಿಸಿದ ಕೂಡಲೇ ಅನ್ಶೆಲ್ ನೊಣ ಓಡಿಸುವವನಂತೆ ತಲೆ ಕೊಡವಿದ. ಇದೂ ಬಾಗಿಲಿಗೆ ಬಂದ ಇನ್ನೊಂದು ಯೋಚನೆ, ಮೊದಲಿನದಕ್ಕಿಂತ ಚೆನ್ನಾಗಿ ಬಟ್ಟೆ ತೊಟ್ಟದ್ದು.

ನಿಯಮಗಳು ಅವನಿಗೆ ಕಂಠಪಾಠ. ಹೆಂಗಸಿನ ಹಿಂದೆ ನಡೆಯಬಾರದು. ಇಬ್ಬರು ಹೆಂಗಸರ ನಡುವೆ ಹಾಯಬಾರದು. ಗುರುತಿರುವ ಹೆಂಗಸಿನ ಬಣ್ಣದ ಬಟ್ಟೆ ಗೋಡೆಯ ಮೇಲೆ ತೂಗುತ್ತಿದ್ದರೂ ದಿಟ್ಟಿಸಬಾರದು, ಬಟ್ಟೆಯಿಂದ ಯೋಚನೆ ತೊಟ್ಟವಳಿಗೆ ದಾಟುತ್ತದೆ. ಹಾಗಾಗಿ ಅಂಗಳದಲ್ಲಿ ನೆರೆಮನೆಯ ಹೆನ್ಯಾ ಒಣಗಹಾಕಿದ ಬಟ್ಟೆಗಳ ಹಗ್ಗದ ಕೆಳಗೆ ಅವನು ಬೆನ್ನು ಬಗ್ಗಿಸಿ, ನೆಲ ನೋಡುತ್ತ ನುಸುಳುತ್ತಿದ್ದ. ಆದರೆ ನೋಡದೆ ಇರಬೇಕಾದರೆ ಅದು ಎಲ್ಲಿದೆಯೆಂದು ಮೊದಲು ಗೊತ್ತಿರಬೇಕಲ್ಲ. ಆ ಹಗ್ಗದ ಮೇಲೆ ಸೋಮವಾರ ಏನಿರುತ್ತದೆ, ಗುರುವಾರ ಏನಿರುತ್ತದೆ ಎಂಬುದು ಹೆನ್ಯಾಳ ಗಂಡನಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಹೆಂಡತಿ ಬ್ಲೂಮಾಳ ಹತ್ತಿರ ಹೋಗುವಾಗಲೂ ಹೀಗೆಯೇ. ಕತ್ತಲಿರಬೇಕು, ಮನಸ್ಸಿನಲ್ಲಿ ಇನ್ನೊಬ್ಬಳ ನೆರಳು ಸುಳಿಯಬಾರದು. ಸುಳಿಯದಿರಲೆಂದು ಅವನು ಆ ಹೊತ್ತಿನಲ್ಲಿ ಅಂದಿನ ಪಾಠವನ್ನು ಒಳಗೊಳಗೇ ಒಪ್ಪಿಸುತ್ತಿದ್ದ. ಒಮ್ಮೆ ಬ್ಲೂಮಾ ಕತ್ತಲಲ್ಲಿ ಕೇಳಿದ್ದಳು, 'ಎಲ್ಲಿದೀರಿ?' 'ಇಲ್ಲೇ' ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ. ಮಗಳು ಎಟ್ಟಿ ಹುಟ್ಟಿ ಆರು ವರ್ಷ ಕಳೆದ ಮೇಲೆ ಬ್ಲೂಮಾ ಈಗ ಮತ್ತೆ ಬಸುರಿ. ಕಣ್ಣು ತಾಗೀತೆಂದು ಇನ್ನೂ ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಬಾಗಿಲು ಕಾಯ್ದದ್ದಕ್ಕೆ ಮೇಲಿನವನು ಕೊಟ್ಟ ಕೂಲಿಯೆಂದು ಅವನು ಲೆಕ್ಕ ಹಾಕಿಕೊಂಡಿದ್ದ. ಪಾಠಶಾಲೆಯ ಹಿರಿಯರಾದ ರೆಬ್ ಕೊಪ್ಪೆಲ್, ಹುಡುಗರ ನಡತೆ ನೋಡಿಕೊಳ್ಳುವ ಜಾಗಕ್ಕೆ ಹಬ್ಬ ಕಳೆದ ಮೇಲೆ ಅವನನ್ನೇ ಕೂರಿಸುವುದೆಂದು ಸೂಚಿಸಿದ್ದರು. ಅದೂ ಕೂಲಿಯೇ.

ಕ್ಲಿನಿಕ್ಕಿನ ತಿರುವಿನಲ್ಲಿ ಕಂದು ಬಣ್ಣದ ಒಂದು ಗುಡ್ಡೆ ಕಾಣಿಸಿತು. ಕಾಲುದಾರಿಯ ಅಂಚಿನಲ್ಲಿ, ನೆಲಕ್ಕೆ ತೀರ ಹತ್ತಿರ. ಮೊದಲು ಯಾರೋ ಬಿಸಾಕಿದ ಕಂಬಳಿ ಎಂದುಕೊಂಡ. ಆಮೇಲೆ ಗುಡ್ಡೆ ಅಲುಗಿತು, ತುದಿಯಲ್ಲಿ ತಲೆವಸ್ತ್ರದ ಬಿಳುಪು. ಹೆಂಗಸು. ಯಾಕೆ ಕೂತಿದ್ದಾಳೆ, ಸುಸ್ತಾಗಿರಬೇಕು, ಬೀದಿ ತುಂಬ ಹೆಂಗಸರಿದ್ದಾರೆ, ಯಾರಾದರೂ ಬರುತ್ತಾರೆ. ಏನೋ ದುಂಡಗಿನದು ಉರುಳಿ ಬಂದು ಅವನ ಬೂಟಿಗೆ ತಾಗಿ ನಿಂತಿತು. ಈರುಳ್ಳಿ. ಬಗ್ಗಿದರೆ ಎತ್ತಿಕೊಳ್ಳಬೇಕು, ಎತ್ತಿಕೊಂಡರೆ ಕೊಡಬೇಕು, ಕೊಡಬೇಕಾದರೆ ನೋಡಬೇಕು. ಅವನು ಅದನ್ನು ದಾಟಿ ಕಾಲಿಟ್ಟ. ಹಿಂದಿನಿಂದ ದನಿಯೊಂದು ಬಂತು, ತೆಳ್ಳಗೆ, ಹರಿದ ಹಾಗೆ: 'ಸ್ವಲ್ಪ ಕೇಳಿ...' ಹೆಂಗಸಿನ ದನಿಯೂ ಒಂದು ಬಾಗಿಲೇ. ಅನ್ಶೆಲ್ ಹೆಜ್ಜೆ ಚುರುಕು ಮಾಡಿದ. ಹತ್ತು ಮಾರು ಹೋಗುವಷ್ಟರಲ್ಲಿ ಬೆಳಗಿನಿಂದ ಕಳೆದುಹೋಗಿದ್ದ ತಂಪು ಎದೆಯೊಳಗೆ ಇಳಿಯಿತು, ನಾಲಿಗೆಯ ಮೇಲೆ ಜೇನು ಹರಿದಂತೆ. ಗೆದ್ದೆ ಅನ್ನಿಸಿತು. ಒಬ್ಬನೇ ನಡೆಯುತ್ತಿದ್ದವನು ಮುಗುಳ್ನಕ್ಕ.

ಹೊರಕೇರಿಯ ಶಿಷ್ಯನೊಬ್ಬನ ಮನೆಯಲ್ಲಿ ಪಾಠ ಹೇಳಿ, ಮಧ್ಯಾಹ್ನ ದಾಟಿದ ಮೇಲೆ ಮರಳಿದಾಗ ಮನೆಯ ಬಾಗಿಲಿಗೆ ಬೀಗ. ಪಕ್ಕದ ಮನೆಯ ಕದ ಅರೆ ತೆರೆಯಿತು, ಹೆನ್ಯಾಳ ದನಿ ಅವಳಿಗಿಂತ ಮೊದಲು ಹೊರಗೆ ಬಂತು.

"ಎಲ್ಲಿ ಹೋಗಿದ್ರಿ ರೆಬ್ ಅನ್ಶೆಲ್? ಊರೆಲ್ಲ ಹುಡುಕಿಸಿದ್ದಾಯ್ತು! ಬ್ಲೂಮಾನ ಆಸ್ಪತ್ರೆಗೆ ಒಯ್ದಿದಾರೆ. ಎಟ್ಟಿ ನನ್ನ ಹತ್ರ ಇದಾಳೆ, ಊಟ ಆಗಿದೆ, ಅದರ ಯೋಚನೆ ಬಿಡಿ."

"ಆಸ್ಪತ್ರೆಗೆ? ಏನಾಯ್ತು?"

"ಬಿದ್ದುಬಿಟ್ಟಳಂತೆ. ರಕ್ತ ಹೋಗ್ತಿತ್ತಂತೆ, ನಾನು ಬಿಡಿಸಿ ಹೇಳಬೇಕಾ? ಅಲ್ಲೇ, ಕ್ಲಿನಿಕ್ ತಿರುವಲ್ಲಿ. ಒಳಗೆ ಹೋಗೋಷ್ಟೂ ತ್ರಾಣ ಇರಲಿಲ್ಲ ಪಾಪ. ಚೀಲ ಹರಿದು ಈರುಳ್ಳಿಯೆಲ್ಲ ಬೀದಿ ಪಾಲು..."

ಈರುಳ್ಳಿ ಎಂಬ ಮಾತಿನ ನಂತರ ಹೆನ್ಯಾ ಹೇಳಿದ್ದು ಒಂದೂ ಅವನ ಕಿವಿಗೆ ಬೀಳಲಿಲ್ಲ. ಅವನು ಜೇಬಿಗೆ ಕೈಹಾಕಿ ಕನ್ನಡಕ ತೆಗೆದ. ಅದು ಒಂದು ಕಿವಿಗೆ ಸಿಕ್ಕಿ ಇನ್ನೊಂದು ಕಿವಿಯಿಂದ ಜಾರಿತು. ಹಾಕಿಕೊಂಡಾಗ ಎದುರಿಗೆ ಮೊದಲು ಕಂಡದ್ದು ಹೆನ್ಯಾಳ ಮುಖ. ಇಷ್ಟು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದವಳು ಹೀಗಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ದಪ್ಪ ಮೂಗಿನ, ಅತ್ತು ಕಣ್ಣು ಕೆಂಪಾದ, ವಯಸ್ಸಾದ ಹೆಂಗಸು. ಇವಳ ಬಟ್ಟೆಯ ಕೆಳಗೆ ತಾನು ಕಳ್ಳನ ಹಾಗೆ ನುಸುಳುತ್ತಿದ್ದದ್ದು ನೆನಪಾಗಿ ಅವನಿಗೆ ನಗು ಬಂದಂತಾಯಿತು.

ಆಸ್ಪತ್ರೆಯ ಕೋಣೆಯಲ್ಲಿ ಬ್ಲೂಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ಬಂದದ್ದು ತಿಳಿದು ಅಂಗಾತಾದಳು. ಎಡಗೆನ್ನೆಯ ಮೇಲೆ ಕಲ್ಲು ತರಚಿದ ಗಾಯ. ಮೇಲ್ದುಟಿಯ ಮೇಲೆ ಬಿಳಿಯ ಸಣ್ಣ ಗೀರು, ಅದು ಇವತ್ತಿನದಲ್ಲ, ಹಳೆಯದು, ಬಹುಶಃ ಮದುವೆಗಿಂತ ಹಿಂದಿನದು. ಯಾವಾಗ ಆದದ್ದು ಎಂದು ಈಗ ಕೇಳಿದರೆ ಏನೆಂದುಕೊಂಡಾಳು? ಅವನು ಕುರ್ಚಿಯ ತುದಿಯಲ್ಲಿ ಕೂತ.

"ಹೋಯ್ತು," ಎಂದಳು ಬ್ಲೂಮಾ.

ಅವನು ತಲೆಯಾಡಿಸಿದ. ಹೇಳಲು ಸಿದ್ಧಮಾಡಿಕೊಂಡು ಬಂದಿದ್ದ ಸಮಾಧಾನದ ಮಾತುಗಳೆಲ್ಲ ಇತರರ ಹೆಂಡತಿಯರಿಗೆಂದು ಕಲಿತವಾಗಿದ್ದವು.

"ನಿಮ್ಮ ನಡಿಗೆ ಗುರ್ತು ಸಿಕ್ತು ನಂಗೆ. ಎಡಗಾಲು ಸ್ವಲ್ಪ ಎಳೀತೀರಲ್ಲ. ದೇವರು ದೊಡ್ಡವನು, ಬಂದ್ರು ಅಂದ್ಕೊಂಡೆ. ಕೂಗಿದೆ ಕೂಡ."

"ಬ್ಲೂಮಾ, ನಂಗೆ ಗೊತ್ತಾಗ್ಲಿಲ್ಲ."

"ಗೊತ್ತು, ಗೊತ್ತಾಗ್ಲಿಲ್ಲ ಅಂತ."

"ನೀನು ಅಂತ ಗೊತ್ತಾಗಿದ್ರೆ..."

"ನಿಲ್ತಿದ್ರಿ. ಓಡಿ ಬರ್ತಿದ್ರಿ. ನಂಗೆ ಹೇಸಿಗೆ ಆಗ್ತಿರೋದೇ ಅದು." ಅವಳ ದನಿಯಲ್ಲಿ ಅಳುವಿರಲಿಲ್ಲ. "ಬೇರೆ ಯಾವಳೋ ಆಗಿದ್ರೆ ಅವಳು ಅಲ್ಲೇ ಬಿದ್ದಿರಬೇಕಿತ್ತಾ? ಹೇಳಿ. ನೀವು ಹುಡುಗರಿಗೆ ಪಾಠ ಹೇಳೋರು."

ಅನ್ಶೆಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಒಂದು ಹುಡುಗಿ ಬಂದಳು," ಎಂದಳು ಬ್ಲೂಮಾ, ಚಾವಣಿ ನೋಡುತ್ತ. "ಪ್ಯಾಂಟು ಹಾಕಿತ್ತು. ತಲೆ ತುಂಬ ಕೆಂಪು ಕೂದಲು. ನಮ್ಮ ಗಲ್ಲಿಯೋರು ನೋಡಿದ್ರೆ ಕಲ್ಲು ಹೊಡೀತಿದ್ರು. ನನ್ನ ತಲೇನ ತೊಡೆ ಮೇಲಿಟ್ಕೊಂಡು ಕೂತಳು. ನಿದ್ದೆ ಹೋಗ್ಬೇಡಿ, ನನ್ನ ಮುಖ ನೋಡ್ತಾ ಇರಿ ಅಂತ ಹೇಳ್ತಾನೇ ಇದ್ದಳು. ಅವಳೂ ನನ್ನನ್ನೇ ನೋಡ್ತಿದ್ದಳು. ಅಷ್ಟು ಹೊತ್ತು ಯಾರೂ ನನ್ನ ನೋಡಿದ್ದಿಲ್ಲ ರೀ. ನಮ್ಮಮ್ಮನೂ ನೋಡಿರಲಿಕ್ಕಿಲ್ಲ." ತುಟಿ ಸವರಿಕೊಂಡು, "ನೀರು ಕೊಡಿ," ಎಂದಳು.

ಅವನು ಲೋಟಕ್ಕೆ ನೀರು ಬಗ್ಗಿಸಿದ. ಕೈಚಾಚಿದ. ಅಲ್ಲಿಗೆ ಕೈ ತಾನಾಗಿ ನಿಂತಿತು. ರಕ್ತ ಕಂಡ ಹೆಂಡತಿಯನ್ನು, ಶುದ್ಧಿಯ ದಿನಗಳು ಕಳೆದು ಕೊಳದಲ್ಲಿ ಮುಳುಗಿ ಏಳುವವರೆಗೆ, ಗಂಡ ಮುಟ್ಟುವಂತಿಲ್ಲ. ಕೈಯಿಂದ ಕೈಗೆ ಏನನ್ನೂ ಕೊಡುವಂತಿಲ್ಲ. ಇಡಬೇಕು, ಅವಳು ಎತ್ತಿಕೊಳ್ಳಬೇಕು. ಅವನು ಲೋಟವನ್ನು ಮಂಚದ ಪಕ್ಕದ ಪೆಟ್ಟಿಗೆಯ ಮೇಲಿಟ್ಟು ಕೈ ಹಿಂತೆಗೆದ. ಬ್ಲೂಮಾ ಲೋಟವನ್ನೂ ಅವನ ಕೈಯನ್ನೂ ನೋಡಿದಳು. ಮೊಣಕೈ ಊರಿ, ಹಲ್ಲು ಕಚ್ಚಿ ಎದ್ದು, ಲೋಟ ತೆಗೆದುಕೊಂಡು ಕುಡಿದಳು. ಆಮೇಲೆ ಮತ್ತೆ ಗೋಡೆಯ ಕಡೆ ತಿರುಗಿದಳು. ಅವಳ ಬೆನ್ನು ನೋಡುತ್ತ ಕೂತ ಅನ್ಶೆಲನಿಗೆ, ತಾನು ನಿಯಮವನ್ನು ಹಿಡಿದುಕೊಂಡಿದ್ದೇನೋ ನಿಯಮವೇ ತನ್ನ ಕೈಯನ್ನು ಹಿಡಿದುಕೊಂಡಿದೆಯೋ ತಿಳಿಯದೆ ಹೋಯಿತು.

ಮರುದಿನ ಅವನು ರೆಬ್ ಕೊಪ್ಪೆಲರ ಮನೆಗೆ ಹೋದ. ಶಿಕ್ಷೆ ಕೇಳಲೆಂದೇ ಹೋದದ್ದು. ಉಪವಾಸ ಮಾಡು ಎನ್ನಲಿ, ಪಾಠ ನಿಲ್ಲಿಸು ಎನ್ನಲಿ, ಎಲ್ಲರ ಮುಂದೆ ಬಯ್ಯಲಿ. ಬಯ್ಗುಳದ ಒಂದು ಮಾತು ಸಿಕ್ಕರೂ ಅದನ್ನು ಹಿಡಿದುಕೊಂಡು ಬ್ಲೂಮಾಳ ಮುಂದೆ ನಿಲ್ಲಬಹುದು. ಮುದುಕರು ಸಕ್ಕರೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಚಹಾ ಹೀರುತ್ತ, ನಡುವೆ ಒಮ್ಮೆಯೂ ಬಾಯಿ ಹಾಕದೆ ಪೂರ್ತಿ ಕೇಳಿದರು. ಅವರ ಕಣ್ಣು ಒದ್ದೆಯಾಯಿತು. ಹೆಂಡತಿ ತೀರಿಕೊಂಡ ಮೇಲೆ ಅವರು ಬೇಗ ಕಣ್ಣೀರಾಗುತ್ತಿದ್ದರು.

"ಮಗು ಹೋಯ್ತಲ್ಲಪ್ಪಾ. ದೇವರು ಸಮಾಧಾನ ಕೊಡಲಿ," ಎಂದರು. ಆಮೇಲೆ ಲೋಟ ಕೆಳಗಿಟ್ಟು ಮುಂದಕ್ಕೆ ಬಾಗಿದರು. "ಆದ್ರೆ ಅನ್ಶೆಲ್, ನೀನು ಹೇಳಿದ್ದು ನಿಂಗೇ ಅರ್ಥ ಆಗಿಲ್ಲ. ತನ್ನ ಹೆಂಡತಿ ದನೀನೇ ಗುರ್ತು ಸಿಗದಷ್ಟು ಕಾವಲು! ಇಂಥದ್ದು ನಮ್ಮ ಅಜ್ಜಂದಿರ ಕಾಲದಲ್ಲಿ ಇತ್ತು ಅಂತ ಕೇಳಿದ್ದೆ. ಈ ಕಾಲದಲ್ಲಿ, ಈ ಬೀದೀಲಿ ಇದೆ ಅಂತ ಅಂದ್ಕೊಂಡಿರಲಿಲ್ಲ."

"ರೆಬ್ಬೆ, ಅವಳು ಬಿದ್ದಿದ್ದಳು. ನಾನು ದಾಟಿ ಹೋದೆ."

"ಗೊತ್ತಿದ್ದು ದಾಟಿದ್ಯಾ?"

"ನದೀಲಿ ಮುಳುಗ್ತಿರೋ ಹೆಂಗಸನ್ನ ನೋಡಬಾರದು ಅಂತ ದಡದಲ್ಲೇ ನಿಂತವನನ್ನ ನಮ್ಮ ಹಿರಿಯರು ಏನಂತ ಕರೆದಿದಾರೆ? ಭಕ್ತಿವಂತ ಮೂರ್ಖ ಅಂತ," ಎಂದ ಅನ್ಶೆಲ್.

"ಆ ಮೂರ್ಖನಿಗೆ ಅವಳು ಮುಳುಗ್ತಿದಾಳೆ ಅಂತ ಗೊತ್ತಿತ್ತು. ನಿಂಗೆ ಗೊತ್ತಿರಲಿಲ್ಲ."

"ಗೊತ್ತಾಗಬಾರದು ಅಂತಲೇ ನಾನು ಕನ್ನಡಕ ತೆಗೆದಿದ್ದೆ, ರೆಬ್ಬೆ."

ಮುದುಕರು ಲೋಟವನ್ನು ಪಕ್ಕಕ್ಕೆ ಸರಿಸಿದರು. ಈಗ ಬಯ್ಯುತ್ತಾರೆ ಎಂದು ಅನ್ಶೆಲನ ಮೈಯೆಲ್ಲ ಆಸೆಯಿಂದ ಬಿಗಿಯಾಯಿತು. ಅವರು ಅವನ ಮುಂಗೈ ತಟ್ಟಿದರು. "ನೋವಿನಲ್ಲಿದೀಯ. ಜೊತೆಗೆ ವಿನಯ ಬೇರೆ. ಶನಿವಾರ, ಸಬ್ಬತ್ತಿನ ಮೂರನೇ ಊಟಕ್ಕೆ ಹುಡುಗರ ಮುಂದೆ ಇದನ್ನ ನೀನೇ ಹೇಳಬೇಕು. ನಿನ್ನ ಬಾಯಿಂದ ಕೇಳಿದ್ರೆ ಅವರ ಹೊಟ್ಟೆಗಿಳಿಯುತ್ತೆ. ಹಬ್ಬದವರೆಗೆ ಕಾಯೋದೂ ಬೇಡ, ಆ ಜಾಗ ಇವತ್ತಿಂದಲೇ ನಿಂದು."

ಬೀದಿಗೆ ಬಂದಾಗ ಅವನಿಗೆ ಮೈ ತೊಳೆದುಕೊಳ್ಳಬೇಕೆನ್ನಿಸಿತು. ಚಿಕ್ಕವನಿದ್ದಾಗ ಅಂಗಡಿಯಿಂದ ಒಣದ್ರಾಕ್ಷಿ ಕದ್ದು ಅಪ್ಪನಿಗೆ ಒಪ್ಪಿಸಿದ್ದ. ಅಪ್ಪ ಕೆನ್ನೆಗೆ ಬಿಟ್ಟ ಏಟು ಎಷ್ಟು ಹಿತವಾಗಿತ್ತು. ಅಂದು ಅಪ್ಪ ತಲೆ ಸವರಿ ಇನ್ನೊಂದು ಹಿಡಿ ದ್ರಾಕ್ಷಿ ಕೊಟ್ಟಿದ್ದರೆ ತಾನು ಏನಾಗುತ್ತಿದ್ದೆ? ಏನಾಗಿದ್ದೇನೋ ಅದೇ, ಎಂದಿತು ಒಳಗೊಂದು ದನಿ. ಅವನು ಈ ಸಲ ತಲೆ ಕೊಡವಲಿಲ್ಲ. ಒಳಗೆ ಬಾ ಎಂದ, ಕೂರು ಎಂದ. ಕನ್ನಡಕ ಹಾಕಿಕೊಂಡೇ ನಡೆದ. ಹೆಂಗಸರು ಬಂದರು, ಹೋದರು. ಬಹಳಷ್ಟು ಜನ ದಣಿದಿದ್ದರು. ಒಬ್ಬಳು ಕಾಲಿನ ನೋವಿಗೆ ಗೋಡೆ ಹಿಡಿದು ನಿಂತಿದ್ದಳು, ಇನ್ನೊಬ್ಬಳು ಅಳುವ ಮಗುವಿಗೆ ಹೊಡೆದು ತಾನೇ ಅಳುತ್ತಿದ್ದಳು. ಒಬ್ಬಳು ಬಹಳ ಚೆಲುವೆಯಾಗಿದ್ದಳು. ಅವನು ಅದನ್ನೂ ನೋಡಿದ. ಎದೆ ಹಾರಿತು, ಅವಳು ತಿರುವಿನಲ್ಲಿ ಮರೆಯಾದಳು, ಎದೆ ತನ್ನ ಜಾಗಕ್ಕೆ ಬಂತು. ಇಷ್ಟೇನಾ, ಎಂದುಕೊಂಡ.

ಗುರುವಾರ ಬ್ಲೂಮಾ ಮನೆಗೆ ಬಂದಳು. ಎಟ್ಟಿಯ ಜಡೆ ಹೆಣೆದಳು, ಶುಕ್ರವಾರದ ರೊಟ್ಟಿಗೆ ಹಿಟ್ಟು ನಾದಿದಳು, ಬೇಡವೆಂದರೂ ಕೇಳಲಿಲ್ಲ. ಅವನ ಚಹಾವನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ನಿಯಮಕ್ಕೆ ಅಷ್ಟು ಬೇಕಿರಲಿಲ್ಲ. ರೆಬ್ ಕೊಪ್ಪೆಲ್ ಹೇಳಿದ್ದನ್ನು ಅವನು ಅವಳಿಂದ ಮುಚ್ಚಿಡಲಾರದೆ ಹೇಳಿಬಿಟ್ಟ. ಬ್ಲೂಮಾ ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು, ಆಮೇಲೆ ಒಣನಗೆ ನಕ್ಕಳು.

"ಬಡ್ತಿ ಬಂತು ಅನ್ನಿ."

"ನಾನು ಕೇಳಲಿಲ್ಲ ಬ್ಲೂಮಾ."

"ಹೋಗಿ ಹೇಳಿ. ಚೆನ್ನಾಗಿ ಹೇಳಿ. ನನ್ನ ಹೆಸರು ಮಾತ್ರ ಎತ್ತಬೇಡಿ, ಮರ್ಯಾದೆ ಅಲ್ಲ. ಯಾವುದೋ ಒಬ್ಬ ಹೆಂಗಸು ಅನ್ನಿ." ಹಿಟ್ಟನ್ನು ಮೇಜಿಗೆ ಬಡಿದಳು. "ಅದು ಸುಳ್ಳೂ ಆಗಲ್ಲ."

ಸಬ್ಬತ್ತಿನ ಇಳಿಹೊತ್ತು. ಪಾಠಶಾಲೆಯ ಉದ್ದ ಮೇಜುಗಳ ಸುತ್ತ ಹುಡುಗರು ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದರು. ದಿನ ಕಳೆಯುವವರೆಗೆ ದೀಪ ಹಚ್ಚುವಂತಿಲ್ಲ. ಕಿಟಕಿಯ ಬೆಳಕು ಕೆಂಪಾಗಿ, ಬೂದಿಯಾಗಿ, ತಟ್ಟೆಗಳಲ್ಲಿ ಉಳಿದ ಮೀನು ಮತ್ತು ರೊಟ್ಟಿಯ ಚೂರುಗಳ ಮೇಲೆ ಇಳಿಯುತ್ತಿತ್ತು. ಪದಗಳಿಲ್ಲದ ಹಾಡೊಂದು ಮೇಜಿನಿಂದ ಮೇಜಿಗೆ ಸಾಗಿ ನಿಂತಿತು. ರೆಬ್ ಕೊಪ್ಪೆಲ್ ತಲೆಯಾಡಿಸಿದರು. ಅನ್ಶೆಲ್ ಎದ್ದು ನಿಂತ. ಎಷ್ಟೋ ಸಲ ಇದೇ ಜಾಗದಲ್ಲಿ ನಿಂತು ಕಣ್ಣಿನ ಕಾವಲಿನ ಬಗ್ಗೆ ಮಾತಾಡಿದ್ದ. ಆಗೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಇಂದು ಒಂದೊಂದೇ ಮುಖ ನೋಡಿದ. ಮೊಡವೆಯ ಮುಖಗಳು, ನಿದ್ದೆಗೆಟ್ಟ ಮುಖಗಳು, ತಾನು ಹೇಳಿದ್ದನ್ನೆಲ್ಲ ನಂಬಿ ಹೆದರಿದ್ದ ಮುಖಗಳು.

"ಮಂಗಳವಾರ ಕ್ಲಿನಿಕ್ ತಿರುವಲ್ಲಿ ಒಬ್ಬ ಹೆಂಗಸು ಬಿದ್ದಿದ್ದಳು," ಎಂದ. "ಅವಳ ಹೆಸರು ಬ್ಲೂಮಾ. ನನ್ನ ಹೆಂಡತಿ."

ಮೇಜುಗಳ ಸುತ್ತ ಉಸಿರು ಎಳೆದುಕೊಂಡ ಸದ್ದಾಯಿತು. ಹೆಂಡತಿಯ ಹೆಸರನ್ನು ಆ ಕೋಣೆಯಲ್ಲಿ ಯಾರೂ ಯಾವತ್ತೂ ಎತ್ತಿರಲಿಲ್ಲ.

"ಅವಳು ಕರೆದಳು. ನಾನು ಬೇಗ ಬೇಗ ನಡೆದೆ. ಇದನ್ನ ದೊಡ್ಡ ಗೆಲುವು ಅಂತ ನಿಮಗೆ ಹೇಳಬೇಕು ಅಂತ ನನ್ನ ನಿಲ್ಲಿಸಿದಾರೆ. ಆಗ ನನ್ನ ತಲೇಲಿ ಏನಿತ್ತು ಅಂತ ಹೇಳ್ತೀನಿ ಕೇಳಿ. ದೇವರಿರಲಿಲ್ಲ. ನಾನಿದ್ದೆ. ಎಷ್ಟು ಚೊಕ್ಕ ಇದೀನಿ ಅಂತ ನನ್ನನ್ನೇ ನಾನು ನೋಡ್ಕೊಂಡು ಚಪ್ಪರಿಸ್ತಿದ್ದೆ. ಒಂದು ಹೆಣ್ಣಿನ ಕೈ ನೆನಪಾದ್ರೆ ಬಾಗಿಲು ಹಾಕ್ತಿದ್ದವನು, ಈ ಯೋಚನೆಗೆ ಮಾತ್ರ ದಿನಾ ಕುರ್ಚಿ ಹಾಕಿ ಊಟ ಬಡಿಸ್ತಿದ್ದೆ..."

ರೆಬ್ ಕೊಪ್ಪೆಲ್ ಮೆಲ್ಲನೆ ಹಾಡು ಎತ್ತಿದರು. ಹತ್ತಿರದವರು ದನಿಗೂಡಿಸಿದರು. ಹಾಡು ದೂರದ ಮೇಜಿಗೆ ಹಬ್ಬಿತು, ಮುಷ್ಟಿಗಳು ಹಲಗೆಯ ಮೇಲೆ ತಾಳ ಹಾಕಿದವು. ಅನ್ಶೆಲ್ ನಿಂತೇ ಇದ್ದ. ಹಾಡು ಒಂದು ಸುತ್ತು ಬಂದು ತಗ್ಗಿದಾಗ ಮತ್ತೆ ಬಾಯಿ ತೆರೆದ. ಮುದುಕರು ಮತ್ತೆ ಎತ್ತಿದರು, ಈ ಸಲ ಜೋರಾಗಿ. ಅವನೊಳಗೆ ಏನೋ ಕಿತ್ತುಕೊಂಡಿತು. ಹುಟ್ಟಿದಂದಿನಿಂದ ತಗ್ಗಿಸಿಕೊಂಡೇ ಬಂದಿದ್ದ ದನಿ ಹಾಡನ್ನು ಸೀಳಿಕೊಂಡು ಎದ್ದಿತು.

"ನಿಯಮ ಬೇಡ ಅಂತ ಹೇಳ್ತಿಲ್ಲ! ಬಿದ್ದವಳನ್ನ ನೋಡಿ ಅಂತ ಹೇಳ್ತಿದೀನಿ! ಯಾರೇ ಆಗಿರಲಿ, ಏನೇ ಉಟ್ಟಿರಲಿ, ನಿಂತು ನೋಡಿ, ಕೈಕೊಟ್ಟು ಎತ್ತಿ. ಎತ್ತುವಾಗ ಕೆಟ್ಟ ಯೋಚನೆ ಬಂದ್ರೆ ಬರಲಿ! ಆ ಪಾಪ ನನಗಿರಲಿ. ಮೇಲೆ ಕೇಳಿದ್ರೆ ಅನ್ಶೆಲ್ ಹೇಳಿದ್ದ ಅನ್ನಿ, ನಾನು ಉತ್ತರ ಕೊಡ್ತೀನಿ!"

ತಾಳ ಹಾಕುತ್ತಿದ್ದ ಮುಷ್ಟಿಗಳಲ್ಲಿ ಕೆಲವು ನಿಂತವು, ಕೆಲವು ನಿಲ್ಲಲಿಲ್ಲ. ಅವನು ಟೋಪಿ ತೆಗೆದುಕೊಂಡು ಹೊರಟ. ಬಾಗಿಲ ಬಳಿ ರೆಬ್ ಕೊಪ್ಪೆಲ್ ಗೋಡೆ ಹಿಡಿದುಕೊಂಡು ಬಂದು ತಲುಪಿದರು.

"ಏನು ಮಾಡ್ಕೊಂಡೆ ಅನ್ಶೆಲ್. ಎಷ್ಟು ವರ್ಷದ ಸಾಧನೆ."

"ಎಷ್ಟು ವರ್ಷದ್ದು, ರೆಬ್ಬೆ," ಎಂದ ಅವನೂ.

"ನಾಳೆಯಿಂದ ವಿಶ್ರಾಂತಿ ತಗೋ. ನಾನು ಹೇಳಿ ಕಳಿಸೋವರೆಗೆ ಬರಬೇಡ."

"ನೀವು ಹೇಳಿ ಕಳಿಸಲ್ಲ."

ಮುದುಕರು ಮತ್ತೆ ಗೋಡೆಗೆ ಕೈ ಊರಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. ಅದು ಅನ್ಶೆಲನನ್ನು ಇನ್ನಷ್ಟು ರೇಗಿಸಿತು. "ಸಬ್ಬತ್ ಶುಭವಾಗಲಿ," ಎಂದು ಹೇಳಿ ಮೆಟ್ಟಿಲಿಳಿದ.

ಮನೆ ತಲುಪುವಾಗ ಆಕಾಶದಲ್ಲಿ ಆಗಲೇ ಮೂರು ನಕ್ಷತ್ರ, ಸಬ್ಬತ್ ಮುಗಿದಿತ್ತು. ಎಟ್ಟಿ ಅವುಗಳಿಗೆ ಕಾಯುತ್ತ ಕಿಟಕಿಯ ಕಟ್ಟೆಯ ಮೇಲೇ ನಿದ್ದೆಹೋಗಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಬ್ಲೂಮಾ ದಿನ ಬೀಳ್ಕೊಡುವುದಕ್ಕೆ ಬೇಕಾದದ್ದನ್ನು ಜೋಡಿಸಿಟ್ಟಿದ್ದಳು: ದ್ರಾಕ್ಷಾರಸದ ಬಟ್ಟಲು, ಲವಂಗದ ಡಬ್ಬಿ, ಜಡೆಯಂತೆ ಹೆಣೆದ ಮೇಣದಬತ್ತಿ. ಅವನು ನಿಂತಲ್ಲೇ ನಡೆದದ್ದೆಲ್ಲ ಹೇಳಿದ. ಕೂಗಾಡಿದ್ದು, ಹೆಸರು ಹೇಳಿದ್ದು, ಕೆಲಸ ಹೋದದ್ದು. ಹೇಳಿ ಮುಗಿಸಿ, ಹೊಗಳಿಕೆಗೆ ಕಾಯುತ್ತಿದ್ದೇನೆಂದು ಗೊತ್ತಾಗಿ ನಾಚಿದ.

"ಅದು ಅವರಿಗೆ ಹೇಳಿದ್ದು," ಎಂದಳು ಬ್ಲೂಮಾ. "ಶುರು ಮಾಡಿ, ಹೊತ್ತಾಯ್ತು."

ಅವನು ಬತ್ತಿ ಹಚ್ಚಿದ. ಹಲವು ಎಳೆಗಳು ಒಟ್ಟಿಗೆ ಹೊತ್ತಿ ಪಂಜಿನಂತೆ ಉರಿಯಿತು. ಬಟ್ಟಲು ಎತ್ತಲು ಬಲಗೈ ಬೇಕು, ಬತ್ತಿಯ ಬೆಳಕಿನಲ್ಲಿ ಉಗುರು ನೋಡಲು ಎಡಗೈ ಬೇಕು. ಪ್ರತಿ ವಾರ ಬತ್ತಿ ಹಿಡಿಯುವವಳು ಎಟ್ಟಿ. ಅವನು ಬ್ಲೂಮಾಳ ಕಡೆ ತಿರುಗಿದ. ಉರಿಯುವ ಬತ್ತಿಯನ್ನು ಮೇಜಿನ ಮೇಲೆ ಮಲಗಿಸುವಂತಿಲ್ಲ. ಮಗುವನ್ನು ಎಬ್ಬಿಸಬಹುದಿತ್ತು, ಲೋಟವೊಂದರಲ್ಲಿ ನಿಲ್ಲಿಸಬಹುದಿತ್ತು. ದಾರಿಗಳಿದ್ದವು, ಅವನಿಗೆ ಎಲ್ಲವೂ ಗೊತ್ತಿದ್ದವು. ಅವನು ಕೈಚಾಚಿದ. ಈ ಸಲ ಕೈ ನಿಲ್ಲಲಿಲ್ಲ. ಬ್ಲೂಮಾ ಅದನ್ನೇ ನೋಡಿದಳು, ಬಹಳ ಹೊತ್ತು. ಮೇಣ ಅವನ ಬೆರಳಿಗೆ ಇಳಿಯಿತು, ಅವನು ಅಲುಗಲಿಲ್ಲ. ಆಮೇಲೆ ಅವಳು ಬತ್ತಿಯನ್ನು ಅವನ ಕೈಯಿಂದಲೇ ತೆಗೆದುಕೊಂಡಳು. ಅವಳ ಬೆರಳು ಅವನ ಬೆರಳಿನ ಮೇಲೆ ಒಂದು ಕ್ಷಣ ನಿಂತಿತು, ತಣ್ಣಗೆ, ಯಾವ ಮೃದುತ್ವವೂ ಇಲ್ಲದೆ.

ಅವನು ದ್ರಾಕ್ಷಾರಸದ ಸ್ತುತಿ ಹೇಳಿದ, ಲವಂಗ ಮೂಸಿ ಅದರ ಸ್ತುತಿ ಹೇಳಿದ, ಬೆಳಕಿನ ಸ್ತುತಿಯನ್ನೂ ಹೇಳಿದ. ಬೆಳಕನ್ನು ಸ್ತುತಿಸಿ ಸುಮ್ಮನಿರುವಂತಿಲ್ಲ, ಅದರಿಂದ ಏನನ್ನಾದರೂ ಕಾಣಬೇಕು, ಇಲ್ಲದಿದ್ದರೆ ಹೇಳಿದ್ದು ವ್ಯರ್ಥ. ಅವನು ವಾಡಿಕೆಯಂತೆ ಬೆರಳು ಮಡಚಿ ಉಗುರುಗಳನ್ನು ಜ್ವಾಲೆಯ ಕಡೆ ಹಿಡಿದ.

"ಉಗುರಲ್ಲ," ಎಂದಳು ಬ್ಲೂಮಾ. ಬತ್ತಿಯನ್ನು ತನ್ನ ಕೆನ್ನೆಯ ಹತ್ತಿರಕ್ಕೆ ತಂದುಕೊಂಡಳು. "ನೋಡು."

ಅವನು ನೋಡಿದ. ತರಚುಗಾಯ ಹಳದಿಗಟ್ಟಿತ್ತು. ರೆಪ್ಪೆಗಳ ತುದಿ ಕಂದು, ಬುಡ ಕಪ್ಪು. ಕ್ಷಮೆ ಎಲ್ಲಿಯೂ ಇರಲಿಲ್ಲ, ಆದರೆ ಅವಳು ಅಲ್ಲಿದ್ದಳು, ಕಣ್ಣಿಗೆ ಕಣ್ಣು ಕೊಟ್ಟು, ಸವಾಲಿನ ಹಾಗೆ. ಅವನ ಬಾಯಲ್ಲಿ ಪಾಠ ಬರಲಿಲ್ಲ. ಬಟ್ಟಲಿನಲ್ಲಿ ಅದ್ದಿ ದೀಪ ಆರಿಸುವುದು ಬಾಕಿಯಿತ್ತು. ಇಬ್ಬರೂ ಅವಸರ ಮಾಡಲಿಲ್ಲ.